ಕುಟುಂಬದ ಸುದ್ದಿ, ಹಳೆಯ ಫೋಟೊ, ವಂಶಾವಳಿ: ಕಳೆದುಹೋಗದಂತೆ ಕೂಡಿಡುವ ಕ್ರಮ

ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ಹಳೆಯ ಮದುವೆಯ ಫೋಟೊ ಹಾಕುತ್ತಾರೆ. ಹತ್ತು ನಿಮಿಷದೊಳಗೆ ಇಪ್ಪತ್ತು ಉತ್ತರ. 'ಎಡಗಡೆ ನಿಂತವರು ದೊಡ್ಡಮ್ಮ ಅಲ್ವಾ?' 'ಅಲ್ಲ, ಅವರ ತಂಗಿ.' 'ಕೂತಿರುವ ಮಗು ಯಾರು?' ಮರುದಿನ ಆ ಮಾತೆಲ್ಲ ಮೇಲೆ ಸರಿದುಹೋಗಿರುತ್ತದೆ. ಎರಡು ವರ್ಷ ಬಿಟ್ಟು ಅದೇ ಫೋಟೊ ಮತ್ತೆ ಬರುತ್ತದೆ, ಇನ್ನಷ್ಟು ಮಸುಕಾಗಿ, ಅದೇ ಪ್ರಶ್ನೆಗಳೊಂದಿಗೆ. ಅಷ್ಟರಲ್ಲಿ ಉತ್ತರ ಗೊತ್ತಿದ್ದ ಒಬ್ಬರು ತೀರಿಕೊಂಡಿರುತ್ತಾರೆ.

ಇದರಲ್ಲಿ ಗುಂಪಿನ ತಪ್ಪೇನಿಲ್ಲ. ಚಾಟ್ ಇರುವುದು ಮಾತಿಗೆ, ಕೂಡಿಡುವುದಕ್ಕಲ್ಲ. ಮಾತಾಡುವ ಜಾಗವನ್ನೂ ಕೂಡಿಡುವ ಜಾಗವನ್ನೂ ಬೇರೆ ಮಾಡಿ, ಎರಡರ ನಡುವೆ ಒಂದು ನಂಬರಿನ ಕೊಂಡಿ ಹಾಕಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ತಾಳ್ಮೆಯ ಕೆಲಸ.

ಯಾರು, ಎಷ್ಟು ದೂರ

ಮೊದಲು ಎಲ್ಲೆ ಹಾಕಿಕೊಳ್ಳಿ. 'ನಮ್ಮ ಕುಟುಂಬ' ಎಂದರೆ ಯಾರು ಎಂಬುದನ್ನು ತೀರ್ಮಾನಿಸದೆ ಹೊರಟವರು ಮೂರನೇ ತಿಂಗಳಿಗೆ ಸುಸ್ತಾಗುತ್ತಾರೆ. ಸುಲಭದ ದಾರಿ: ಒಂದು ಹಿರಿಯ ದಂಪತಿಯನ್ನು ಆರಿಸಿ, ಅವರ ಸಂತತಿ ಮತ್ತು ಆ ಸಂತತಿಯ ಗಂಡ-ಹೆಂಡಂದಿರು ಅಷ್ಟೇ ಎಂದುಕೊಳ್ಳಿ. ಆ ದಂಪತಿಗೆ 6 ಮಕ್ಕಳು, ಒಬ್ಬೊಬ್ಬರಿಗೆ 4, ಆ ಮೊಮ್ಮಕ್ಕಳಿಗೆ ತಲಾ 2 ಎಂದರೆ 6, 24, 48, ಒಟ್ಟು 78. ಮಕ್ಕಳು, ಮೊಮ್ಮಕ್ಕಳ ಸಂಗಾತಿಗಳು 30, ಮೂಲ ದಂಪತಿ 2. ಅಲ್ಲಿಗೆ 110 ಜನ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರ ಕೈಗೆ ನಿಲುಕುವ ಗಾತ್ರ ಇದು. ಒಂದು ತಲೆಮಾರು ಹಿಂದಿನಿಂದ ಶುರುಮಾಡಿದರೆ ಐನೂರು ದಾಟುತ್ತದೆ.

ಮೂರು ಕೆಲಸಕ್ಕೆ ಮೂವರು ಬೇಕು: ಸುದ್ದಿ ನೋಡಿಕೊಳ್ಳುವವರು, ಫೋಟೊ ನೋಡಿಕೊಳ್ಳುವವರು, ವಂಶಾವಳಿ ಬರೆಯುವವರು. ಮೂರನ್ನೂ ಒಬ್ಬರೇ ಹೊತ್ತರೆ ಅವರಿಗೆ ಬೇಜಾರಾದ ದಿನವೇ ಎಲ್ಲವೂ ನಿಲ್ಲುತ್ತದೆ. ಇದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಕೂಡಿಡುವ ಕ್ಲೌಡ್ ಖಾತೆಯನ್ನು ಯಾರದೋ ಸ್ವಂತ ಮೇಲ್ ವಿಳಾಸದಲ್ಲಿ ತೆರೆಯಬೇಡಿ. ಕುಟುಂಬಕ್ಕೆಂದೇ ಒಂದು ವಿಳಾಸ ಮಾಡಿ, ಅದರ ಪಾಸ್‌ವರ್ಡ್ ಮತ್ತು ಮರುಪಡೆಯುವ ಕೋಡ್‌ಗಳನ್ನು ಬೇರೆ ಬೇರೆ ಮನೆಯ ಇಬ್ಬರ ಬಳಿ ಕಾಗದದಲ್ಲಿ ಇಡಿ.

ನಂಬರ್ ಕೊಡುವುದು

ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ: ವ-001, ವ-002. ಪ್ರತಿ ಫೋಟೊಗೂ ಒಂದು: ಫೋ-0001. ಪ್ರತಿ ಧ್ವನಿಮುದ್ರಣಕ್ಕೆ ಧ್ವ-01, ಪ್ರತಿ ದಾಖಲೆಗೆ ದಾ-001. ಸಿಕ್ಕ ಕ್ರಮದಲ್ಲಿ ಕೊಡುತ್ತಾ ಹೋಗಿ. ಒಮ್ಮೆ ಕೊಟ್ಟ ನಂಬರನ್ನು ಬದಲಿಸಬೇಡಿ. ಫೋಟೊ ಎರಡು ಸಲ ಬಂದಿದೆ ಎಂದು ಗೊತ್ತಾಗಿ ಒಂದನ್ನು ತೆಗೆದರೂ ಆ ನಂಬರನ್ನು ಬೇರೆಯದಕ್ಕೆ ಕೊಡಬೇಡಿ, ಖಾಲಿ ಬಿಡಿ.

ನಂಬರಿನಲ್ಲೇ ಸಂಬಂಧವನ್ನೂ ಹೇಳಿಬಿಡುವ ಆಸೆ ಬರುತ್ತದೆ. ಹಿರಿಯ ಮಗ 1.1, ಅವನ ಎರಡನೇ ಮಗಳು 1.1.2 ಎನ್ನುವ ಪದ್ಧತಿ ಇದೆ, ನೋಡಲು ಚೆಂದ. ಆದರೆ ಎಳವೆಯಲ್ಲೇ ತೀರಿಕೊಂಡ ಮಗುವೊಂದರ ವಿಷಯ ಮುಂದೆ ತಿಳಿಯಿತು ಎನ್ನಿ. ಆಗ 1.3 ಇದ್ದವರು 1.4 ಆಗಬೇಕು, ಅವರ ಮಕ್ಕಳು ಮೊಮ್ಮಕ್ಕಳ ನಂಬರೂ ಬದಲಾಗಬೇಕು, ಆ ನಂಬರ್ ಬರೆದ ಫೋಟೊಗಳ ಹೆಸರೂ ಬದಲಾಗಬೇಕು. ಆ ಪದ್ಧತಿಯನ್ನು ಮುದ್ರಿತ ವಂಶವೃಕ್ಷಕ್ಕೆ ಬಳಸಿ, ಗುರುತಿಗೆ ಬೇಡ.

ನೇರ ಪೂರ್ವಿಕರ ಪಟ್ಟಿಗೆ ಮಾತ್ರ 1590ರಿಂದ ಮುದ್ರಣದಲ್ಲಿರುವ ಒಂದು ಜಾಣ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ನೀವು 1. ಯಾರದೇ ತಂದೆಯ ಸಂಖ್ಯೆ ಅವರ ಸಂಖ್ಯೆಯ ಎರಡರಷ್ಟು, ತಾಯಿಯದು ಎರಡರಷ್ಟಕ್ಕೆ ಒಂದು ಹೆಚ್ಚು. ನಿಮ್ಮ ತಾಯಿ 3, ತಾಯಿಯ ತಂದೆ 6, ಅವರ ತಾಯಿ 13. ಯಾವ ಸಂಖ್ಯೆಯ ಜಾಗ ಖಾಲಿ ಇದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ.

ನಂಬರ್ ಯಾಕೆ ಬೇಕು ಎಂದು ಕೇಳುವವರಿಗೆ ಫೋಟೊ ಹಿಂದಿನ ಬರಹವನ್ನೇ ತೋರಿಸಿ. 'ಸಣ್ಣಜ್ಜಿ ಮತ್ತು ಅತ್ತೆ' ಎಂದಿರುತ್ತದೆ. ಯಾರ ಸಣ್ಣಜ್ಜಿ? ಅತ್ತೆ ಎಂದರೆ ಅಪ್ಪನ ತಂಗಿಯೇ, ಸೋದರಮಾವನ ಹೆಂಡತಿಯೇ, ಗಂಡನ ತಾಯಿಯೇ? ಬರೆದವರಿಗೆ ಗೊತ್ತಿತ್ತು, ಓದುವವರಿಗೆ ಗೊತ್ತಾಗುವುದಿಲ್ಲ. ಸಂಬಂಧದ ಹೆಸರು ಹೇಳುವವರ ಜಾಗದಿಂದ ಹುಟ್ಟುತ್ತದೆ; ಹೇಳುವವರು ಬದಲಾದರೆ ಹೆಸರೂ ಬದಲಾಗುತ್ತದೆ. ಆದ್ದರಿಂದ ದಾಖಲೆಯಲ್ಲಿ ಪೂರ್ತಿ ಹೆಸರು, ಹುಟ್ಟಿದ ಕುಟುಂಬದ ಹೆಸರು ಬೇರೆ ಇದ್ದರೆ ಅದು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಜೊತೆಗೆ ವ- ನಂಬರ್, ಇಷ್ಟೂ ಇರಲಿ.

ಫೋಟೊ ಮುಟ್ಟುವ ಮೊದಲು

ಎಲ್ಲರ ಮನೆಯಿಂದ ಫೋಟೊ ತರಿಸಿ ಒಂದೇ ರಾಶಿ ಹಾಕುವುದು ಮೊದಲ ದೊಡ್ಡ ತಪ್ಪು. ಯಾವ ಫೋಟೊ ಯಾವುದರ ಪಕ್ಕ ಇತ್ತು, ಯಾರ ಪೆಟ್ಟಿಗೆಯಲ್ಲಿತ್ತು ಎಂಬುದೇ ಒಂದು ಸುಳಿವು. ಹೆಸರಿಲ್ಲದ ಮುಖವೊಂದು ಗುರುತಾಗುವುದು ಎಷ್ಟೋ ಸಲ ಅದೇ ಪುಟದ ಇನ್ನೊಂದು ಫೋಟೊದಿಂದ. ಹಾಗಾಗಿ ಆಲ್ಬಮ್ಮಿನ ಪ್ರತಿ ಪುಟವನ್ನೂ ಇದ್ದ ಹಾಗೇ ಒಮ್ಮೆ ಫೋಟೊ ತೆಗೆದುಕೊಂಡು, ಆಮೇಲೆ ಬಿಡಿಬಿಡಿಯಾಗಿ ಸ್ಕ್ಯಾನ್ ಮಾಡಿ. ಒಂದು ಮನೆಯ ಪೆಟ್ಟಿಗೆ ಮುಗಿದು ವಾಪಸ್ ಹೋಗುವವರೆಗೆ ಇನ್ನೊಂದನ್ನು ತೆರೆಯಬೇಡಿ.

ಕೈ ತೊಳೆದು ಪೂರ್ತಿ ಒಣಗಿಸಿ, ಅಂಚಿನಲ್ಲಿ ಹಿಡಿಯಿರಿ. ನೆಗೆಟಿವ್‌ಗಳಿಗಾದರೆ ನೈಟ್ರೈಲ್ ಕೈಗವಸು. ಹತ್ತಿಯ ಕೈಗವಸಿನಲ್ಲಿ ಬೆರಳಿನ ಹಿಡಿತ ಸಿಗದೆ ಹರಿದ ಅಂಚು ಇನ್ನಷ್ಟು ಹರಿಯುತ್ತದೆ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಸರಿಸಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ, ಒದ್ದೆ ಬಟ್ಟೆ ಮುಟ್ಟಿಸಿದರೆ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಎದ್ದುಬರುತ್ತದೆ.

ತೊಂದರೆ ಕೊಡುವುದು ಹೆಚ್ಚಾಗಿ ಮೂರು ಬಗೆ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊ: ಎಳೆಯಲೇಬೇಡಿ, ಮುಖದ ಭಾಗವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಅಥವಾ ಓರೆಬೆಳಕಿನಲ್ಲಿ ಫೋಟೊ ತೆಗೆಯಿರಿ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚಿಕೊಳ್ಳುವ ಆಲ್ಬಂ: 1970ರ ದಶಕದಲ್ಲಿ ಬಹಳ ಓಡಿದ್ದು ಇವು. ಆ ಅಂಟು ವರ್ಷ ಕಳೆದಂತೆ ಬಿಗಿಯುತ್ತದೆ, ಫೋಟೊವನ್ನು ಹಳದಿ ಮಾಡುತ್ತದೆ. ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಒಂದು ಮೂಲೆಯಿಂದ ಫೋಟೊದ ಅಡಿಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಡಿಸುತ್ತಾ ಬನ್ನಿ. ಬಾಗಿಸಬೇಕಾಗಿ ಬಂದರೆ ಅಲ್ಲೇ ಬಿಟ್ಟು, ಪುಟದ ಮೇಲಿದ್ದಂತೆಯೇ ಸ್ಕ್ಯಾನ್ ಮಾಡಿ. ಮೂರನೆಯದು ಸುರುಳಿ ಸುತ್ತಿಕೊಂಡ ಹಳೆಯ ದೊಡ್ಡ ಫೋಟೊ. ಬಲವಂತವಾಗಿ ಬಿಡಿಸಿದರೆ ಪದರ ಬಿರುಕು ಬಿಟ್ಟು, ಗೆರೆಗಳು ಮುಖಗಳ ಮೇಲೇ ಹಾದುಹೋಗುತ್ತವೆ. ಅದನ್ನು ಸಂರಕ್ಷಣೆ ಬಲ್ಲವರಿಗೇ ಬಿಡಿ.

ಹಿಂಬದಿಯಲ್ಲಿ ನಂಬರ್ ಬರೆಯಲು ಬಾಲ್ ಪೆನ್ ಬೇಡ. ಒತ್ತಿದ ಗೆರೆ ಮುಂದೆ ಉಬ್ಬಿ ಕಾಣುತ್ತದೆ, ಶಾಯಿ ಪಕ್ಕದ ಫೋಟೊಗೆ ಇಳಿಯುತ್ತದೆ. ಕಾಗದದ ಬೆನ್ನಿಗೆ 4ಬಿ ಅಥವಾ 6ಬಿ ಪೆನ್ಸಿಲ್, ಗಟ್ಟಿ ಮೇಜಿನ ಮೇಲೆ, ಅಂಚಿನಲ್ಲಿ, ಹಗುರವಾಗಿ. ಪ್ಲಾಸ್ಟಿಕ್ ಲೇಪದ ಬೆನ್ನಿರುವ ಈಚಿನ ದಶಕಗಳ ಬಣ್ಣದ ಪ್ರಿಂಟುಗಳ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅವನ್ನು ಆಮ್ಲರಹಿತ ಲಕೋಟೆಗೆ ಹಾಕಿ, ನಂಬರನ್ನು ಲಕೋಟೆಯ ಮೇಲೆ ಬರೆಯಿರಿ. ಫೋಟೊ ಒಳಗಿಡುವ ಮೊದಲೇ ಬರೆಯಬೇಕು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ.

ಸ್ಕ್ಯಾನ್: ಲೆಕ್ಕ ಮತ್ತು ಎಡವಟ್ಟು

1. ಸ್ಕ್ಯಾನರಿನ ಗಾಜನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ದ್ರವವನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಗಾಜಿನ ಅಂಚಿನಿಂದ ಒಳಗಿಳಿದರೆ ಒಳಮೈಯಲ್ಲಿ ಕಲೆ ಕೂರುತ್ತದೆ.

2. ಪ್ರಿಂಟಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೊಗೆ 1200. 35 ಎಂಎಂ ನೆಗೆಟಿವ್‌ಗೆ 3200ರಿಂದ 4000. ಅದಕ್ಕೆ ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರ್ ಬೇಕು.

3. ಕಪ್ಪು-ಬಿಳುಪು ಫೋಟೊವನ್ನೂ 24 ಬಿಟ್ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಂದು ಛಾಯೆ, ಶಾಯಿಯ ಬಣ್ಣ, ಕಲೆ ಎಲ್ಲವೂ ಮಾಹಿತಿ. ಮುಂದೆ ಕಲೆ ತೆಗೆಯುವುದಾದರೆ ಆ ಬಣ್ಣದ ವ್ಯತ್ಯಾಸವೇ ನೆರವಾಗುತ್ತದೆ.

4. 'ಆಟೋ' ಎಂದಿರುವ ಎಲ್ಲವನ್ನೂ ಆಫ್ ಮಾಡಿ: ಬಣ್ಣ ಸರಿಪಡಿಸುವುದು, ಧೂಳು ತೆಗೆಯುವುದು, ಚುರುಕುಗೊಳಿಸುವುದು. ಧೂಳು ತೆಗೆಯುವ ತಂತ್ರ ಕಿವಿಯೋಲೆಯನ್ನೂ ಧೂಳೆಂದು ಅಳಿಸಬಲ್ಲದು. ಅವಗೆಂಪು ಬೆಳಕಿನ ಧೂಳು ನಿವಾರಣೆಯಂತೂ ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿಗೆ ಆಗುವುದೇ ಇಲ್ಲ, ಅದರ ಬೆಳ್ಳಿಯ ಕಣಗಳೇ ಆ ಬೆಳಕನ್ನು ತಡೆಯುತ್ತವೆ.

5. ಅಂಚಿನ ಬಿಳಿ ಚೌಕಟ್ಟು, ಕೆಳಗಿನ ಸ್ಟುಡಿಯೊ ಹೆಸರು ಸಮೇತ ಇಡೀ ಫೋಟೊ ಬರಲಿ. ಕತ್ತರಿಸುವುದು ಪ್ರತಿಯಲ್ಲಿ ಮಾತ್ರ.

6. ಮೂಲ ಪ್ರತಿಯನ್ನು ಟಿಫ್ (ವಿವರ ಕಳೆಯದ ದೊಡ್ಡ ಫೈಲ್) ಆಗಿ ಉಳಿಸಿ, ಹಂಚಲು ಅದರಿಂದ ಜೆಪೆಗ್ (ಕುಗ್ಗಿಸಿದ ಚಿಕ್ಕ ಫೈಲ್) ಮಾಡಿ. ಹಿಂಬದಿಯಲ್ಲಿ ಏನಾದರೂ ಇದ್ದರೆ, ಬರೀ ಮೊಹರಾದರೂ ಸರಿ, ಅದಕ್ಕೊಂದು ಸ್ಕ್ಯಾನ್. 300 ಡಿಪಿಐ ಸಾಕು.

4×6 ಇಂಚಿನ ಫೋಟೊ 600 ಡಿಪಿಐಯಲ್ಲಿ 2400×3600 ಪಿಕ್ಸೆಲ್, ಅಂದರೆ ಕುಗ್ಗಿಸದ ಟಿಫ್ ಸುಮಾರು 26 ಎಂಬಿ. ಸಾವಿರ ಫೋಟೊಗೆ 26 ಜಿಬಿ. ಒಂದು ಪೆನ್ ಡ್ರೈವಿನಷ್ಟು ಜಾಗಕ್ಕೆ ಜಿಪುಣತನ ಮಾಡಿ 200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದವರು ಎಲ್ಲವನ್ನೂ ಎರಡನೇ ಸಲ ಮಾಡುತ್ತಾರೆ, ಅಷ್ಟರಲ್ಲಿ ಪೆಟ್ಟಿಗೆ ಯಾರ ಮನೆಗೆ ಹೋಯಿತೋ ಗೊತ್ತಿರುವುದಿಲ್ಲ.

ನೂಲಿನ ಹೆಣಿಗೆಯಂಥ ಉಬ್ಬುತಗ್ಗಿನ ಕಾಗದದ ಪ್ರಿಂಟುಗಳಲ್ಲಿ ಸ್ಕ್ಯಾನರಿನ ಬೆಳಕು ಮಿಂಚಿ, ಮುಖದ ತುಂಬ ಬಿಳಿ ಚುಕ್ಕೆ ಬರುತ್ತವೆ. ಫೋಟೊವನ್ನು 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿ. ಒಂದು ದಿಕ್ಕಿನಲ್ಲಿ ಚುಕ್ಕೆ ಬಹಳ ಕಡಿಮೆಯಾಗುವುದುಂಟು. ಪತ್ರಿಕೆಯ ತುಣುಕಿನಲ್ಲಿ ಅಲೆಅಲೆಯಾದ ಗೆರೆ ಬಂದರೆ ಅದು ಮುದ್ರಣದ ಚುಕ್ಕೆಗಳೂ ಸ್ಕ್ಯಾನರಿನ ಗೆರೆಗಳೂ ಸೇರಿ ಆಗುವುದು, 'ಡಿಸ್ಕ್ರೀನ್' ಆಯ್ಕೆ ಒತ್ತಿ.

ಸ್ಕ್ಯಾನರ್ ಇಲ್ಲದ ಮನೆಯಲ್ಲಿ ಫೋನೇ ಗತಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಕಪ್ಪು ಕಾಗದದ ಮೇಲೆ ಫೋಟೊ ಇಟ್ಟು, ಫ್ಲ್ಯಾಶ್ ಆರಿಸಿ, ಕ್ಯಾಮೆರಾವನ್ನು ಫೋಟೊಗೆ ಸಮಾನಾಂತರವಾಗಿ ಹಿಡಿಯಿರಿ. ತುಂಬ ಹತ್ತಿರ ಹೋದರೆ ಅಂಚು ಡೊಂಕಾಗುತ್ತದೆ. ಸ್ವಲ್ಪ ದೂರದಿಂದ ಎರಡರಷ್ಟು ಜೂಮ್ ಮಾಡಿ ತೆಗೆಯಿರಿ.

ಬಣ್ಣ ತುಂಬುವ, ಮುಖ 'ಸ್ಪಷ್ಟ' ಮಾಡುವ ಎಐ ಆ್ಯಪ್‌ಗಳ ಬಗ್ಗೆ ಒಂದು ಮಾತು. ಮಸುಕಾದ ಮುಖದಲ್ಲಿ ಇಲ್ಲದ ಕಣ್ಣು, ಹುಬ್ಬುಗಳನ್ನು ಅವು ಊಹಿಸಿ ಬರೆಯುತ್ತವೆ. ನೋಡಿ ಖುಷಿಪಡಲು ಅಡ್ಡಿಯಿಲ್ಲ. ಆದರೆ ಫೈಲಿನ ಹೆಸರಿನಲ್ಲಿ 'ಎಐ' ಎಂದು ಸೇರಿಸದೆ ಹಂಚಿದರೆ, ಹತ್ತು ವರ್ಷದಲ್ಲಿ ಅದೇ ಅಜ್ಜಿಯ ನಿಜವಾದ ಮುಖವಾಗಿ ಕೂತಿರುತ್ತದೆ. ಮುಖ ನೋಡಿ ಗುರುತು ಹಿಡಿಯುವ ಕೆಲಸಕ್ಕೆ ಆ ಪ್ರತಿ ಬಳಸಲೇಕೂಡದು.

ಹೆಸರಿಡುವುದು, ಗುರುತು ಬರೆಯುವುದು

ಫೈಲಿನ ಹೆಸರು ಹೀಗಿರಲಿ: ಫೋ-0147_1958_ಮದುವೆ_ಮುಂಬದಿ. ವರ್ಷ ಗೊತ್ತಿಲ್ಲದಿದ್ದರೆ 195ಕ್ಷ, ಅಂದರೆ ಆ ದಶಕ. ಪಟ್ಟಿಯಲ್ಲಿ ಸರಿಯಾಗಿ ಸಾಲುಗಟ್ಟಲು ನಂಬರಿನ ಮುಂದಿನ ಸೊನ್ನೆಗಳು ಬೇಕೇ ಬೇಕು. ಕನ್ನಡದಲ್ಲಿ ಹೆಸರಿಟ್ಟರೆ ಇಂದಿನ ಕಂಪ್ಯೂಟರುಗಳಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಹಳೆಯ ಫೈಲುಗಳಲ್ಲಿ: ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟ್‌ಗಳಲ್ಲಿ ಯಾರೋ ಟೈಪ್ ಮಾಡಿಟ್ಟ ವಂಶಾವಳಿ ಇವತ್ತು ತೆರೆದರೆ ಗೀಚಿದ ಹಾಗೆ ಕಾಣುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ, ಇಂದಿನ ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್‌ ಅಕ್ಷರಗಳಿಗೆ ಪರಿವರ್ತಿಸಿ.

ಫೈಲಿನ ಹೆಸರಲ್ಲದೆ, ಫೋಟೊದ ಒಳಗೇ ವಿವರ ಬರೆಯುವ ವ್ಯವಸ್ಥೆಯೂ ಇದೆ. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ಶೀರ್ಷಿಕೆ, ದಿನಾಂಕ, ಮುಖಗಳ ಹೆಸರು ತುಂಬಬಹುದು. ತುಂಬದೆ ಬಿಟ್ಟರೆ ಕ್ಲೌಡ್ ಆಲ್ಬಮ್ಮಿಗೆ ಅಪ್‌ಲೋಡ್ ಮಾಡಿದಾಗ ನಿಮ್ಮ ಮುತ್ತಜ್ಜನ ಫೋಟೊ, ಸ್ಕ್ಯಾನ್ ಮಾಡಿದ ದಿನದ್ದೆಂದು ಕಳೆದ ವಾರದ ಪ್ರವಾಸದ ಚಿತ್ರಗಳ ನಡುವೆ ಬಂದು ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಈ ಒಳವಿವರ ಅಳಿದುಹೋಗಿ ಚಿತ್ರವೂ ಕುಗ್ಗುತ್ತದೆ. ಹಾಗೆಯೇ ಬರಬೇಕಾದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.

ಗುಂಪು ಫೋಟೊದಲ್ಲಿ ಯಾರು ಯಾರು ಎಂದು ಬರೆಯುವುದಕ್ಕೆ ಒಂದೇ ಒಂದು ನಂಬಿಗಸ್ತ ವಿಧಾನ. ಫೋಟೊವನ್ನು ಎ4 ಹಾಳೆಗೆ ತಿಳಿಯಾಗಿ ಪ್ರಿಂಟ್ ಮಾಡಿ, ಪ್ರತಿ ತಲೆಯ ಮೇಲೆ 1, 2, 3 ಎಂದು ಬರೆದು, ಕೆಳಗೆ ಅಷ್ಟೇ ಗೆರೆಗಳನ್ನು ಖಾಲಿ ಬಿಡಿ. 'ಹಿಂದಿನ ಸಾಲು ಎಡದಿಂದ' ಎಂದು ಬರೆದರೆ, ನಡುವೆ ಇಣುಕಿದ ಮಗುವೊಂದು ಎಲ್ಲ ಲೆಕ್ಕವನ್ನೂ ಒಂದು ಸ್ಥಾನ ಸರಿಸಿಬಿಡುತ್ತದೆ. ಆ ಹಾಳೆಯ ಎರಡು ಪ್ರತಿ ಮಾಡಿ, ಇಬ್ಬರು ಹಿರಿಯರಿಗೆ ಬೇರೆ ಬೇರೆಯಾಗಿ ಕೊಡಿ. ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಮಾತಾಡುವವರ ಉತ್ತರವೇ ಇಬ್ಬರ ಉತ್ತರವೂ ಆಗುತ್ತದೆ. ಹೊಂದಿದ ಹೆಸರುಗಳ ಮುಂದೆ ಸರಿ ಗುರುತು, ಹೊಂದದ ಕಡೆ ಎರಡೂ ಹೆಸರು, ಹೇಳಿದವರು ಯಾರು, ಯಾವತ್ತು ಎಂಬುದು.

ಫೋಟೊ ಯಾವ ಕಾಲದ್ದು?

ಬಟ್ಟೆ, ಕೇಶವಿನ್ಯಾಸ ನೋಡಿ ವರ್ಷ ಹೇಳುವವರು ಬಹಳ. ಆದರೆ ಜನ ಹಳೆಯ ಬಟ್ಟೆಯನ್ನೂ ಉಡುತ್ತಾರೆ. ಅದಕ್ಕಿಂತ ಗಟ್ಟಿ ಸುಳಿವು ಫೋಟೊದ ಮೈಯಲ್ಲಿದೆ. ಸುಮಾರು 64×100 ಎಂಎಂ ಅಳತೆಯ ದಪ್ಪ ರಟ್ಟಿಗೆ ಅಂಟಿಸಿದ ಚಿಕ್ಕ ಭಾವಚಿತ್ರವಾದರೆ 1854ರಲ್ಲಿ ಪೇಟೆಂಟ್ ಆಗಿ 1860ರ ದಶಕದಲ್ಲಿ ಜಗತ್ತಿನಾದ್ಯಂತ ಹಬ್ಬಿದ ಬಗೆ. 108×165 ಎಂಎಂನ ದೊಡ್ಡ ರಟ್ಟು ಅದರ ನಂತರದ್ದು. ತೆಳು ತಗಡಿನ ಮೇಲಿದ್ದು ಅಯಸ್ಕಾಂತಕ್ಕೆ ಅಂಟಿದರೆ 1850ರ ದಶಕದ ನಡುವೆ ಶುರುವಾದ ಟಿನ್‌ಟೈಪ್. ಅದು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿರುತ್ತದೆ, ಅದರಲ್ಲಿ ಎಡಗೈಯಲ್ಲಿ ಕೋಲು ಹಿಡಿದಿದ್ದರೆ ನಿಜವಾಗಿ ಅದು ಬಲಗೈ. ನೆರಳಿನ ಜಾಗದಲ್ಲಿ ಓರೆಯಾಗಿ ನೋಡಿದಾಗ ಬೆಳ್ಳಿಯ ಹೊಳಪು ಕಂಡರೆ ಅದು ಜೆಲಟಿನ್-ಬೆಳ್ಳಿಯ ಪ್ರಿಂಟಿನ ಲಕ್ಷಣ, ಸಾಮಾನ್ಯವಾಗಿ 1880ರ ನಂತರದ್ದು. ಬೆನ್ನು ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ 1960ರ ದಶಕದ ಕೊನೆಗಿಂತ ಹಿಂದಿನ ಪ್ರಿಂಟ್ ಅಲ್ಲ.

ಇಲ್ಲಿ ಎಡವುವುದು ಹೇಗೆಂದರೆ, ಕಾಗದ ಹೇಳುವುದು ಪ್ರಿಂಟ್ ಮಾಡಿದ ಕಾಲವನ್ನು. 1930ರ ಫೋಟೊವನ್ನು 1975ರಲ್ಲಿ ಮರುಪ್ರಿಂಟ್ ಮಾಡಿಸಿರಬಹುದು. ಆಗ ನೆರವಿಗೆ ಬರುವುದು ಮಕ್ಕಳು. ದೊಡ್ಡವರ ವಯಸ್ಸನ್ನು ಹತ್ತು ವರ್ಷ ತಪ್ಪಾಗಿ ಊಹಿಸುತ್ತೇವೆ, ಎರಡು ವರ್ಷದ ಮಗುವನ್ನು ಆರು ವರ್ಷದ್ದೆಂದು ಯಾರೂ ಹೇಳುವುದಿಲ್ಲ. ಹುಟ್ಟಿದ ವರ್ಷ ಗೊತ್ತಿರುವ ಇಬ್ಬರು ಮಕ್ಕಳು ಫೋಟೊದಲ್ಲಿದ್ದು, ಮೂರನೆಯದು ಇಲ್ಲದಿದ್ದರೆ ಕಾಲ ಒಂದೆರಡು ವರ್ಷದೊಳಗೆ ಬಂದುಬಿಡುತ್ತದೆ.

ಹಿರಿಯರ ಮಾತು

ಫೋಟೊ ಕಾಯುತ್ತದೆ, ನೆನಪು ಕಾಯುವುದಿಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯ ಇದೆಯೆಂದರೆ ಸ್ಕ್ಯಾನ್ ಬಿಟ್ಟು ಧ್ವನಿಮುದ್ರಣಕ್ಕೆ ಹೋಗಿ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮೇಜಿನ ಮೇಲೆ ಮಡಿಸಿದ ಬಟ್ಟೆಯ ಮೇಲಿಟ್ಟು, ಮಾತಾಡುವವರಿಂದ ಒಂದೂವರೆ ಅಡಿಯೊಳಗೆ ಇರಿಸಿ. ಫ್ಯಾನ್ ಆರಿಸಿ. ಒಂದು ನಿಮಿಷ ಮುದ್ರಿಸಿ ಕೇಳಿನೋಡಿ. 44.1 ಕಿಲೋಹರ್ಟ್ಸ್, 16 ಬಿಟ್, ಮೋನೊ ವೇವ್ ಫೈಲ್ ಗಂಟೆಗೆ ಸುಮಾರು 318 ಎಂಬಿ. ಹಂಚಲು ಅದರ ಕಿರಿದಾದ ಪ್ರತಿ ಸಾಕು. ಶುರುವಿಗೆ ದಿನಾಂಕ, ಜಾಗ, ಇರುವವರ ಹೆಸರು, ಯಾರಿಗೆಲ್ಲ ಕೇಳಿಸಬಹುದು ಎಂಬ ಅವರ ಒಪ್ಪಿಗೆ, ಇವನ್ನು ಅವರ ದನಿಯಲ್ಲೇ ಹೇಳಿಸಿ. ಮುಕ್ಕಾಲು ಗಂಟೆ ಮೀರಬೇಡಿ.

ಫೋಟೊಗಳನ್ನು ಒಂದೊಂದಾಗಿ ಮುಂದಿಡಿ, ಇಡುವಾಗ ನಂಬರನ್ನು ಜೋರಾಗಿ ಓದಿ: 'ಫೋ-0147.' ಇದನ್ನು ಮರೆತ ಮುದ್ರಣದಲ್ಲಿ 'ಇವಳೇ ನೋಡು, ಅವನ ಪಕ್ಕ ನಿಂತವಳು' ಎಂಬ ಮಾತು ಸಿಗುತ್ತದೆ, ಯಾವ ಫೋಟೊ ಎಂಬುದು ಸಿಗುವುದಿಲ್ಲ. 'ಇವರು ದೊಡ್ಡಜ್ಜ ತಾನೆ?' ಎಂದು ಕೇಳಿದರೆ ಸೌಜನ್ಯಕ್ಕೆ 'ಹೂಂ' ಬರುತ್ತದೆ, 'ಇವರು ಯಾರು?' ಎಂದಷ್ಟೇ ಕೇಳಿ, ಸುಮ್ಮನಿರಿ. ವರ್ಷ ಕೇಳಿದರೆ ಗೊತ್ತಿಲ್ಲ ಎನ್ನುವವರು 'ಆಗ ನೀವು ಎಷ್ಟನೇ ತರಗತಿ?', 'ಯಾವ ಮನೆಯಲ್ಲಿದ್ದಿರಿ?', 'ತಮ್ಮ ಹುಟ್ಟಿದ್ದನೇ?' ಎಂದರೆ ತಾವಾಗಿಯೇ ಕಾಲ ಹೇಳುತ್ತಾರೆ.

ವಂಶಾವಳಿ: ಹೇಳಿದ್ದು ಬೇರೆ, ಸಾಬೀತಾದದ್ದು ಬೇರೆ

ನಿಮ್ಮಿಂದ ಹಿಂದಕ್ಕೆ ಹೋಗಿ, ಒಂದೊಂದೇ ಕೊಂಡಿ. ಪ್ರಸಿದ್ಧ ಪೂರ್ವಿಕರೊಬ್ಬರಿಂದ ಮುಂದಕ್ಕೆ ಬರುವುದು ಹುಮ್ಮಸ್ಸಿನ ದಾರಿ, ಆದರೆ ನಡುವೆ ಅದೇ ಹೆಸರಿನ ಬೇರೊಬ್ಬರ ಮನೆ ಹೊಕ್ಕಿರುತ್ತೇವೆ. ಪ್ರತಿ ಸಂಗತಿಯ ಮುಂದೆ ಆಧಾರ ಬರೆಯಿರಿ: ಯಾವ ದಾಖಲೆ, ಎಲ್ಲಿದೆ, ಯಾವ ಪುಟ, ಯಾವತ್ತು ನೋಡಿದ್ದು. 'ಧ್ವ-03, 22ನೇ ನಿಮಿಷ' ಎಂಬುದೂ ಆಧಾರವೇ.

ಒಂದೇ ದಾಖಲೆಯ ಒಳಗೂ ಎಲ್ಲ ಮಾತಿಗೂ ಒಂದೇ ತೂಕವಿಲ್ಲ. ಮರಣದ ದಾಖಲೆಯಲ್ಲಿ ತೀರಿಕೊಂಡ ದಿನ ಗಟ್ಟಿ, ಅದೇ ವಾರ ಬರೆದದ್ದು. ಅದರಲ್ಲೇ ಇರುವ ಹುಟ್ಟಿದ ವರ್ಷ ದುಃಖದಲ್ಲಿದ್ದ ಅಳಿಯನೋ ಸೊಸೆಯೋ ಅಂದಾಜಿಗೆ ಹೇಳಿದ್ದಿರಬಹುದು. ಅವರು ಹುಟ್ಟಿದಾಗ ಹೇಳಿದವರು ಇರಲೇ ಇಲ್ಲ. ಸಮಾಧಿಕಲ್ಲು ವರ್ಷಗಳ ನಂತರ ಹಾಕಿಸಿದ್ದಾಗಿರಬಹುದು. ಎರಡು ದಾಖಲೆ ಬೇರೆ ಬೇರೆ ಹೇಳಿದರೆ ಎರಡನ್ನೂ ಇಟ್ಟು, ಯಾವುದನ್ನು ಒಪ್ಪಿದಿರಿ, ಯಾಕೆ ಎಂದು ಎರಡು ಸಾಲು ಬರೆಯಿರಿ. ಗೊತ್ತಿಲ್ಲದ ದಿನಾಂಕಕ್ಕೆ ಜನವರಿ 1 ಹಾಕುವ ಚಟ ಬೇಡ, 'ಸುಮಾರು 1931' ಎಂದೇ ಇರಲಿ.

ಹಳೆಯ ದಾಖಲೆಗಳಲ್ಲಿ ಪಂಚಾಂಗವೂ ಬದಲಾಗಿದೆ. ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14 ಎಂದಾಯಿತು. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ ಅಲ್ಲಿನ ಫೆಬ್ರವರಿಯ ದಾಖಲೆಗಳಲ್ಲಿ ವರ್ಷ ಒಂದು ಕಡಿಮೆ ಕಾಣುವುದುಂಟು.

ಹುಡುಕುವಾಗ ಹೆಸರಿನ ಕಾಗುಣಿತವನ್ನು ನಂಬಬೇಡಿ. ಕನ್ನಡದ ಹೆಸರು ರೋಮನ್ ಲಿಪಿಗೆ ಹೋದಾಗ ದೀರ್ಘ ಹ್ರಸ್ವವಾಗುತ್ತದೆ, ಳ ಮತ್ತು ಲ, ಣ ಮತ್ತು ನ ಒಂದಾಗುತ್ತವೆ. ಒಬ್ಬರದೇ ಹೆಸರು ನಾಲ್ಕು ದಾಖಲೆಯಲ್ಲಿ ನಾಲ್ಕು ತರ ಸಿಗುತ್ತದೆ. ಇದ್ದ ಹಾಗೇ ನಕಲು ಮಾಡಿ, ತಿದ್ದಬೇಡಿ.

ಬರೆದಿಡಲು ಗ್ರಾಂಪ್ಸ್ ಎಂಬ ತಂತ್ರಾಂಶ ಉಚಿತ, ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಫ್ಯಾಮಿಲಿಸರ್ಚ್, ವಿಕಿಟ್ರೀ ಜಾಲತಾಣಗಳಲ್ಲಿ ಇಡೀ ಲೋಕಕ್ಕೆ ಒಂದೇ ಮರ. ಅಲ್ಲಿ ಅಪರಿಚಿತರೂ ನಿಮ್ಮ ಅಜ್ಜನ ವಿವರ ತಿದ್ದಬಹುದು. ಹಾಗಾಗಿ ಮೂಲ ಪ್ರತಿ ನಿಮ್ಮಲ್ಲಿರಲಿ, ಅಲ್ಲಿ ಹಾಕುವುದು ಪ್ರತಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಜೆಡ್‌ಕಾಮ್ ಎಂಬ ರೂಪವಿದೆ. ರಫ್ತು ಮಾಡುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ. ಆರಿಸದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ವಾಪಸ್ ಬರುವುದಿಲ್ಲ. ಸಾಮಾನ್ಯ ಜೆಡ್‌ಕಾಮ್ ಫೈಲಿನೊಳಗೆ ಫೋಟೊಗಳು ಹೋಗುವುದಿಲ್ಲ, ಅವುಗಳ ವಿಳಾಸ ಮಾತ್ರ ಹೋಗುತ್ತದೆ. ಫೋಟೊ ಫೋಲ್ಡರನ್ನು ಬೇರೆಯಾಗಿ ಕೊಡಬೇಕು. ನೆಂಟರೊಳಗೇ ಮದುವೆಯಾಗಿದ್ದರೆ ಒಬ್ಬರೇ ಮರದಲ್ಲಿ ಎರಡು ಕಡೆ ಬರುತ್ತಾರೆ. ಎರಡು ಸಲ ನಮೂದಿಸಬೇಡಿ, ಒಂದೇ ವ- ನಂಬರಿಗೆ ಎರಡು ದಾರಿ ಜೋಡಿಸಿ.

ಡಿಎನ್‌ಎ ಪರೀಕ್ಷೆಯ ಮಾತು ಬಂದೇ ಬರುತ್ತದೆ. ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆಗಿರುವ ಸಂಬಂಧಿಗಳ ನಡುವೆ ಹೊಂದಿಕೆ ಹೆಚ್ಚುಕಡಿಮೆ ಖಂಡಿತ ಕಾಣುತ್ತದೆ. ಅದಕ್ಕೆ ಒಂದು ತಲೆಮಾರು ಹಿಂದೆ ಹೋದರೆ ಹತ್ತರಲ್ಲಿ ಒಬ್ಬರಿಗೆ, ಎರಡು ತಲೆಮಾರು ಹಿಂದೆ ಹೋದರೆ ಸುಮಾರು ಅರ್ಧದಷ್ಟು ಮಂದಿಗೆ ಕಾಣುವುದಿಲ್ಲ. ಹಾಗಾಗಿ ಹೊಂದಿಕೆ ಇಲ್ಲ ಎಂದ ಮಾತ್ರಕ್ಕೆ ಸಂಬಂಧ ಇಲ್ಲ ಎಂದಲ್ಲ. ಅದಕ್ಕಿಂತ ಮುಖ್ಯ: ಯಾರ ತಂದೆ ಯಾರು ಎಂಬ ಯಾರೂ ಕೇಳದ ಪ್ರಶ್ನೆಗೂ ಅದು ಉತ್ತರ ಕೊಟ್ಟುಬಿಡುತ್ತದೆ. ಆ ಸಾಧ್ಯತೆಯನ್ನು ಮೊದಲೇ ಬಿಡಿಸಿ ಹೇಳಿ, ಒಪ್ಪಿದವರು ಮಾತ್ರ ಮಾಡಿಸಲಿ. ಉಡುಗೊರೆಯಾಗಿ ಕೊಡುವ ವಸ್ತುವಲ್ಲ ಅದು.

ಸುದ್ದಿ ಹೋಗುವ ದಾರಿ

ಎರಡು ಗುಂಪು ಮಾಡಿ. ಒಂದರಲ್ಲಿ ನಿರ್ವಾಹಕರು ಮಾತ್ರ ಬರೆಯಬಲ್ಲರು: ಹುಟ್ಟು, ಮದುವೆ, ಸಾವು, ವಿಳಾಸ ಬದಲಾವಣೆ, ಸೇರುವ ದಿನ. ಇನ್ನೊಂದು ಹರಟೆಗೆ. ಸುದ್ದಿಗೆ ನಾಲ್ಕು ಅಂಶ ಸಾಕು: ಏನು, ಯಾರು (ಪೂರ್ತಿ ಹೆಸರು, ಯಾರ ಮಗಳು ಅಥವಾ ಮಗ), ಯಾವತ್ತು, ಎಲ್ಲಿ. 'ನಮ್ಮ ಪುಟ್ಟನಿಗೆ ಮಗಳು!' ಎಂಬುದು ಹತ್ತು ಜನಕ್ಕೆ ಸಂಭ್ರಮ, ನೂರು ಜನಕ್ಕೆ ಒಗಟು. ಸಾವಿನ ಸುದ್ದಿಯನ್ನು ಹತ್ತಿರದವರಿಗೆಲ್ಲ ಫೋನಿನಲ್ಲಿ ತಿಳಿಸಿ ಆಗಿದೆ ಎಂದು ಆ ಮನೆಯವರು ಹೇಳುವವರೆಗೆ ಗುಂಪಿಗೆ ಹಾಕಬೇಡಿ. ಬಸಿರಿನ, ಕಾಯಿಲೆಯ, ಕೆಲಸ ಹೋದ ಸುದ್ದಿ ಸಂಬಂಧಪಟ್ಟವರದು, ಅವರೇ ಹೇಳಬೇಕು.

ಮೂರು ತಿಂಗಳಿಗೊಮ್ಮೆ ಎರಡು ಪುಟದ ಪತ್ರ ಮಾಡಿ, 16 ಪಾಯಿಂಟ್ ಅಕ್ಷರದಲ್ಲಿ, ಪಿಡಿಎಫ್. ಫೋನ್ ಬಳಸದವರಿಗೆ ಪ್ರಿಂಟ್. ಕೊನೆಗೆ 'ಇವರು ಯಾರು?' ಎಂದು ನಂಬರಿನ ಸಮೇತ ಒಂದೇ ಒಂದು ಹಳೆಯ ಫೋಟೊ ಹಾಕಿ. ಇಪ್ಪತ್ತು ಹಾಕಿದರೆ ಯಾರೂ ನೋಡುವುದಿಲ್ಲ, ಒಂದು ಹಾಕಿದರೆ ಫೋನ್ ಬರುತ್ತದೆ. ಬಂದ ಉತ್ತರವನ್ನು ಅವತ್ತೇ ಪಟ್ಟಿಗೆ ಸೇರಿಸಿ.

ಬದುಕಿರುವವರ ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರು, ವಿಳಾಸಗಳನ್ನು ಎಲ್ಲರಿಗೂ ತೆರೆದ ಮರದಲ್ಲಿ ಹಾಕಬಾರದು. ಬ್ಯಾಂಕು, ಮೇಲ್ ಖಾತೆಗಳು ಗುರುತಿಗಾಗಿ ಕೇಳುವ ಪ್ರಶ್ನೆಗಳೂ ಅವೇ. ಮಕ್ಕಳ ಫೋಟೊಗೆ ತಂದೆತಾಯಿಯ ಒಪ್ಪಿಗೆ ಬೇಕು. ದತ್ತು, ವಿಚ್ಛೇದನ, ಮೊದಲ ಮದುವೆ ಇಂಥವನ್ನು ಮೂಲ ದಾಖಲೆಯಲ್ಲಿ ಸರಿಯಾಗಿ ಬರೆದು 'ಖಾಸಗಿ' ಎಂದು ಗುರುತು ಹಾಕಿ. ಯಾರದೋ ಮರ್ಯಾದೆಗೆಂದು ಸುಳ್ಳು ಬರೆಯುವುದಕ್ಕಿಂತ ಸತ್ಯವನ್ನು ಮುಚ್ಚಿಡುವುದು ಮೇಲು.

ಪ್ರತಿಗಳು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಕ್ಲೌಡಿನಲ್ಲಿ ಒಂದು, ಎರಡು ಮನೆಗಳಲ್ಲಿ ಎರಡು ಹಾರ್ಡ್ ಡಿಸ್ಕ್. ಕ್ಲೌಡಿನೊಂದಿಗೆ ತಾನಾಗಿ ಸಿಂಕ್ ಆಗುವ ಫೋಲ್ಡರನ್ನು ಪ್ರತಿಯೆಂದು ಲೆಕ್ಕ ಹಾಕಬೇಡಿ, ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಎಸ್‌ಎಸ್‌ಡಿ, ಪೆನ್ ಡ್ರೈವ್‌ಗಳನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟರೆ ವಿದ್ಯುತ್ ಇಲ್ಲದೆ ಅವುಗಳ ದತ್ತಾಂಶ ಕೆಡಬಹುದು. ಹಾರ್ಡ್ ಡಿಸ್ಕ್‌ಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಸ್ಕ್ಯಾನ್ ಆಯಿತೆಂದು ಮೂಲ ಫೋಟೊ ಎಸೆಯಬೇಡಿ. ತಂಪಾಗಿ, ಒಣಗಿ, ಬೆಳಕಿಲ್ಲದ ಕಡೆ, ಪಿವಿಸಿ ಅಲ್ಲದ ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ ಇಡಿ. ಅಟ್ಟದ ಕಾವು ಮತ್ತು ನೆಲಮಾಳಿಗೆಯ ತೇವ ಎರಡೂ ಆಗದು.

ವರ್ಷಕ್ಕೊಂದು ದಿನ ಪರೀಕ್ಷೆ ಇಟ್ಟುಕೊಳ್ಳಿ. ಈ ಕೆಲಸದಲ್ಲಿ ಇಲ್ಲದ ಒಬ್ಬರಿಗೆ ಎರಡನೇ ಮನೆಯ ಡಿಸ್ಕ್ ಕೊಟ್ಟು, 'ಫೋ-0147ರಲ್ಲಿ ನಾಲ್ಕನೆಯವರು ಯಾರು, ಹೇಳಿದವರು ಯಾರು?' ಎಂದು ಕೇಳಿ. ಫೋಲ್ಡರಿನಲ್ಲಿ ಮೊದಲು ಕಾಣುವಂತೆ ಇಟ್ಟ 'ಮೊದಲು ಇದನ್ನು ಓದಿ' ಎಂಬ ಒಂದು ಪುಟದ ನೆರವಿನಿಂದ, ನಿಮಗೆ ಫೋನ್ ಮಾಡದೆ, ಐದು ನಿಮಿಷದಲ್ಲಿ ಅವರು ಉತ್ತರ ಹುಡುಕಬೇಕು. ಹುಡುಕಲಾಗದಿದ್ದರೆ ಆ ಪುಟವನ್ನು ಅವರ ಎದುರೇ ಕೂತು ತಿದ್ದಿ.